ದುಡಿಯುವ ಕುಟುಂಬ ಮತ್ತು ಸಮಾನತೆಯ ಕಾಯಿದೆಗಳು: ಒಂದು ವಿವೇಚನೆ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ವಾಡಿಕೆಯಂತೆ ಷಟ್ಪದಿಯ ಲಕ್ಷಣವನ್ನೋ ಹಳಗನ್ನಡ ಕಾವ್ಯದ ಒಂದು ಪ್ರಸಂಗವನ್ನೋ ಕುರಿತು ನಾನು ಬರೆದೇನೆಂದು ಅವರು ಎಣಿಸಿದ್ದಿರಬೇಕು. ವಿಷಯವನ್ನು ತಿಳಿಸಿದಾಗ ಹಿರಿಯರೊಬ್ಬರು ನಕ್ಕು, “ಪಂಡಿತರಿಗೂ ಕಾಯಿದೆಗೂ ಎತ್ತಣ ಸಂಬಂಧ?” ಎಂದರು. ಸಂಬಂಧ ಇದೆಯೆಂದೇ ನನ್ನ ನಂಬಿಕೆ. ಕಾಯಿದೆಯೆಂಬುದು ಮೊದಲಿಗೆ ಶಬ್ದಗಳ ರಚನೆ. ಅದರ ಒಂದೊಂದು ಶಬ್ದದ ಒಳಗೆ ಯಾರು ಸೇರಿದರು, ಯಾರು ಹೊರಗುಳಿದರು ಎಂಬುದನ್ನು ನೋಡುವುದು ವ್ಯಾಕರಣವನ್ನು ಓದಿದವನಿಗೆ ಪರಕೀಯವಾದ ಕೆಲಸವಲ್ಲ.

ಎರಡು ಶಬ್ದಗಳಿಂದಲೇ ಆರಂಭಿಸುತ್ತೇನೆ. ‘ರಜೆ’ ಎಂಬುದು ಅರಬ್ಬಿಯಿಂದ ಹೊರಟು ಮರಾಠಿಯ ಹಾದಿಯಾಗಿ ನಮ್ಮ ಭಾಗಕ್ಕೆ ಬಂದ ಮಾತು. ಅದರ ಮೂಲಾರ್ಥ ಒಪ್ಪಿಗೆ, ಅನುಮತಿ. ಧಣಿಯು ಪ್ರಸನ್ನನಾದರೆ ಆಳಿಗೆ ರಜೆ. ‘ಹಕ್ಕು’ ಎಂಬುದೂ ಅರಬ್ಬಿಯ ಮಾತೇ. ಅದರ ಮೂಲಾರ್ಥ ಸತ್ಯ, ನ್ಯಾಯವಾಗಿ ಸಲ್ಲತಕ್ಕದ್ದು. ಒಂದು ಪರರ ಮರ್ಜಿಯನ್ನು ನೆಚ್ಚಿಕೊಂಡದ್ದು, ಇನ್ನೊಂದು ಯಾರ ಮರ್ಜಿಯನ್ನೂ ಕೇಳದೆ ನಿಲ್ಲುವಂಥದು. ದುಡಿಯುವ ಜನರ ವಿಷಯದಲ್ಲಿ ಕಳೆದ ನೂರು ವರ್ಷಗಳ ಕಾಯಿದೆಗಳ ಚರಿತ್ರೆಯೆಲ್ಲ ಮೊದಲನೆಯ ಶಬ್ದದಿಂದ ಎರಡನೆಯ ಶಬ್ದದ ಕಡೆಗೆ ಇಟ್ಟ ಹೆಜ್ಜೆಗಳ ಚರಿತ್ರೆ. ‘ಹೆರಿಗೆ’ಯೆಂಬ ನಮ್ಮ ಅಚ್ಚಗನ್ನಡ ಮಾತನ್ನೂ ಇಲ್ಲಿ ನೆನೆಯಬಹುದು. ಹಳಗನ್ನಡದ ‘ಪೆಱು’ ಧಾತುವಿಗೆ ಪಡೆ ಎಂಬ ಅರ್ಥವೂ ಉಂಟು. ಹೆತ್ತವಳು ಎಂದರೆ ಪಡೆದವಳು. ಆದರೆ ದುಡಿಯುವ ಹೆಣ್ಣುಮಗಳು ಮಗುವನ್ನು ಪಡೆದ ತಿಂಗಳಲ್ಲೇ ಕೂಲಿಯನ್ನು ಕಳೆದುಕೊಳ್ಳುವುದು ಲೋಕದ ರೂಢಿ.

ನಮ್ಮ ತೇರದಾಳ, ಶಾಸನಗಳ ತೇರಿದಾಳ, ನೆರೆಯ ರಬಕವಿ ಬನಹಟ್ಟಿಗಳೊಡನೆ ಮಗ್ಗದ ಸಪ್ಪಳದಲ್ಲಿ ಬೆಳೆದ ಊರು. ನಾನೂ ಆ ಸಪ್ಪಳದಲ್ಲಿಯೇ ಅಕ್ಷರ ಕಲಿತವನು. ನಮ್ಮ ಮನೆಯ ಪಡಸಾಲೆಯಲ್ಲಿ ಕುಣಿಮಗ್ಗವಿತ್ತು. ತಂದೆಯವರು ಕುಣಿಯಲ್ಲಿ ಕುಳಿತು ಲಾಳಿ ಎಸೆಯುತ್ತಿದ್ದರು. ತಾಯಿಯವರು ಗೋಡೆಗೆ ಒರಗಿ ರಾಟಿಯಲ್ಲಿ ಕಂಡಿಕೆ ಸುತ್ತುತ್ತಿದ್ದರು. ಕಂಡಿಕೆ ಇಲ್ಲದೆ ಲಾಳಿ ಓಡದು, ಲಾಳಿ ಓಡದೆ ಸೀರೆಯಾಗದು. ವಾರಕ್ಕೊಮ್ಮೆ ಸಾವಕಾರರು ಸೀರೆಗಳನ್ನು ಎಣಿಸಿಕೊಂಡು ಮಜೂರಿಯನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ಆ ಪುಸ್ತಕದಲ್ಲಿ ಇದ್ದದ್ದು ತಂದೆಯವರ ಹೆಸರೊಂದೇ. ಮಜೂರಿ ಸೀರೆಗೆ ಇಷ್ಟೆಂದು ಗೊತ್ತಾಗಿತ್ತೇ ಹೊರತು, ಅದರಲ್ಲಿ ಕಂಡಿಕೆಯ ಪಾಲೆಷ್ಟು ಎಂಬುದನ್ನು ಯಾರೂ ಕೇಳಲಿಲ್ಲ, ತಾಯಿಯವರೂ ಕೇಳಲಿಲ್ಲ. ನನ್ನ ತಂಗಿ ಹುಟ್ಟಿದಾಗ ಆಕೆಯ ತೊಟ್ಟಿಲಿನ ಹಗ್ಗವನ್ನು ಕಾಲಬೆರಳಿಗೆ ಸಿಕ್ಕಿಸಿಕೊಂಡು, ಕೈಯಲ್ಲಿ ರಾಟಿ ತಿರುಗಿಸುತ್ತ ಕುಳಿತ ತಾಯಿಯವರ ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ಅದನ್ನು ನಾನು ಬಹುಕಾಲ ವಾತ್ಸಲ್ಯದ ಚಿತ್ರವೆಂದೇ ತಿಳಿದಿದ್ದೆ. ಅದು ವಾತ್ಸಲ್ಯವೂ ಹೌದು, ಬಾಣಂತಿಗೆ ವಿಶ್ರಾಂತಿಯಿಲ್ಲದ ದುಡಿಮೆಯೂ ಹೌದು.

ಇದು ನಮ್ಮ ಒಂದು ಮನೆಯ ಸಂಗತಿಯಲ್ಲ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗವನ್ನು ನೆಚ್ಚಿದ ಕೆಲಸಗಾರರು ಸುಮಾರು 35 ಲಕ್ಷ. ಅವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಹೆಂಗಸರು. ಹೀಗಿದ್ದರೂ ‘ನೇಕಾರ’ ಎಂದಾಗ ನಮ್ಮ ಮನಸ್ಸಿಗೆ ಗಂಡಸಿನ ರೂಪವೇ ಬರುತ್ತದೆ.

ಹೆರಿಗೆಯ ಕಾಲದಲ್ಲಿ ಕೆಲಸಗಾರ್ತಿಗೆ ಬಿಡುವನ್ನೂ ಭತ್ಯೆಯನ್ನೂ ಕೊಡಬೇಕೆಂಬ ಕಾಯಿದೆ ನಮ್ಮ ದೇಶದಲ್ಲಿ ಮೊದಲು ಆದದ್ದು ಮುಂಬಯಿ ಪ್ರಾಂತದಲ್ಲಿ, 1929ರಲ್ಲಿ. ಅದಕ್ಕೂ 10 ವರ್ಷ ಮುನ್ನ, 1919ರಲ್ಲಿಯೇ, ಆಗತಾನೆ ಸ್ಥಾಪಿತವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಈ ವಿಷಯದಲ್ಲಿ ಒಂದು ಒಡಂಬಡಿಕೆಯನ್ನು ಮಾಡಿತ್ತು. ಮುಂಬಯಿಯ ವಿಧೇಯಕ 1928ರಲ್ಲಿ ಶಾಸನ ಪರಿಷತ್ತಿನಲ್ಲಿ ಚರ್ಚೆಗೆ ಬಂದಾಗ ಡಾ. ಬಾಬಾಸಾಹೇಬ ಅಂಬೇಡ್ಕರರು ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಯ ಮೊದಲೂ ಅನಂತರವೂ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತವೆಂದೂ, ಆದ್ದರಿಂದ ಅದರ ಭಾರವನ್ನು ಬಹುಮಟ್ಟಿಗೆ ಸರಕಾರವೇ ಹೊರುವುದು ಯುಕ್ತವೆಂದೂ, ಆದರೆ ಆಕೆಯ ದುಡಿಮೆಯಿಂದ ಲಾಭ ಪಡೆಯುವ ಮಾಲಿಕನು ಹೊಣೆಯಿಂದ ಪೂರ್ತಿ ಬಿಡುಗಡೆ ಹೊಂದಲಾರನೆಂದೂ ಅವರ ವಾದ. ಯಾರು ಹೊರಬೇಕು ಎಂಬ ಈ ಪ್ರಶ್ನೆಯನ್ನು ವಾಚಕರು ನೆನಪಿನಲ್ಲಿ ಇಡಬೇಕು. ಸುಮಾರು ನೂರು ವರ್ಷ ಕಳೆದರೂ ಅದು ಪೂರ್ತಿ ಇತ್ಯರ್ಥವಾಗಿಲ್ಲ.

ಆ ಕಾಯಿದೆ ನಮ್ಮ ಊರಿಗೆ ಬರಲಿಲ್ಲ. ಕಾರಣ, ತೇರದಾಳ ಆಗ ಬ್ರಿಟಿಷರ ಮುಂಬಯಿಯಲ್ಲಿ ಇರಲಿಲ್ಲ. ಪಟವರ್ಧನ ಮನೆತನದ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಒಂದೇ ಕೃಷ್ಣೆಯ ನೀರನ್ನು ಕುಡಿಯುವ ಜನರಲ್ಲಿ, ಗಡಿಯಾಚೆಯ ಗಿರಣಿಯವಳಿಗೆ ಒಂದು ನ್ಯಾಯ, ಈಚೆಯ ಮಗ್ಗದವಳಿಗೆ ಇನ್ನೊಂದು. 1948ರಲ್ಲಿ ಸಂಸ್ಥಾನಗಳು ವಿಲೀನವಾಗಿ, 1956ರಲ್ಲಿ ಕನ್ನಡ ನಾಡು ಒಂದಾದ ಮೇಲೆ ಆ ಗಡಿಯೇನೋ ಅಳಿಯಿತು. ಅದರ ಸ್ಥಾನದಲ್ಲಿ ಬೇರೊಂದು ಗಡಿ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಸಂವಿಧಾನವು 39ನೆಯ ಅನುಚ್ಛೇದದಲ್ಲಿ ಸ್ತ್ರೀಪುರುಷರಿಗೆ ಸಮಾನ ಕೆಲಸಕ್ಕೆ ಸಮಾನ ವೇತನವನ್ನೂ, 42ನೆಯದರಲ್ಲಿ ಮಾನವೋಚಿತವಾದ ಕೆಲಸದ ಸ್ಥಿತಿಯನ್ನೂ ಪ್ರಸೂತಿ ಸೌಲಭ್ಯವನ್ನೂ ರಾಜ್ಯದ ಧ್ಯೇಯಗಳೆಂದು ಹೇಳಿತು. ಅದಕ್ಕನುಸಾರವಾಗಿ 1961ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಹೆರಿಗೆ ಸೌಲಭ್ಯ ಕಾಯಿದೆಯೂ, 1976ರಲ್ಲಿ ಸಮಾನ ವೇತನ ಕಾಯಿದೆಯೂ ಆದವು. ಮೊದಲನೆಯದು 12 ವಾರಗಳ ಸವೇತನ ರಜೆಯನ್ನು ಕೊಟ್ಟಿತ್ತು. 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ ಅದು 26 ವಾರಗಳಾಯಿತು. ಮೂರು ತಿಂಗಳೊಳಗಿನ ಮಗುವನ್ನು ದತ್ತು ಪಡೆದ ತಾಯಿಗೆ 12 ವಾರ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡಿ ಬರಬಹುದು ಎಂದೂ ವಿಧಿಸಲಾಯಿತು. ನನಗೆ ಎಲ್ಲಕ್ಕಿಂತ ಅರ್ಥಪೂರ್ಣವಾಗಿ ತೋರುವುದು ಅಷ್ಟಾಗಿ ಯಾರ ಗಮನಕ್ಕೂ ಬಾರದ ಇನ್ನೊಂದು ನಿಯಮ. ಹೆಣ್ಣುಮಗಳನ್ನು ಕೆಲಸಕ್ಕೆ ನೇಮಿಸಿಕೊಳ್ಳುವ ದಿನವೇ ಈ ಸೌಲಭ್ಯಗಳನ್ನೆಲ್ಲ ಆಕೆಗೆ ಲಿಖಿತವಾಗಿ ತಿಳಿಸತಕ್ಕದ್ದು ಎಂಬುದು. ಅರಿಯದ ಹಕ್ಕು ಪೆಟ್ಟಿಗೆಯಲ್ಲಿ ಹೂತಿಟ್ಟ ಹೊನ್ನಿದ್ದಂತೆ.

ಈ ನಿಯಮ ನನಗೇಕೆ ನಾಟುತ್ತದೆಂಬುದಕ್ಕೆ ಕಾರಣವನ್ನು ಹೇಳಬೇಕು. ತೊಂಬತ್ತರ ದಶಕದಲ್ಲಿ, ನಾನಿನ್ನೂ ಇಲ್ಲಿಗೆ ಬರುವ ಮೊದಲು, ಬೇರೆ ಊರಿನ ಒಂದು ಖಾಸಗಿ ಶಾಲೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಅಲ್ಲಿ ಸಣ್ಣ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ಅಕ್ಕಾವರೊಬ್ಬರಿದ್ದರು. ಅಕ್ಷರ ತಿದ್ದಿಸುವುದರಲ್ಲಿ ಅವರಿಗೆ ಸಮಾನರನ್ನು ನಾನು ಮುಂದೆಯೂ ಕಂಡಿಲ್ಲ. ಗರ್ಭಿಣಿಯಾಗಿ ಐದನೆಯ ತಿಂಗಳಾದಾಗ ಆಡಳಿತದವರು, “ಇನ್ನು ನೀವು ಮನ್ಯಾಗ ಆರಾಮ ತಗೋರಿ ಅಕ್ಕಾವರ” ಎಂದರು. ಮಾತು ಮೃದುವಾಗಿಯೇ ಇತ್ತು. ಹೆರಿಗೆಯಾಗಿ ಆರು ತಿಂಗಳಿಗೆ ಅವರು ಮರಳಿ ಬಂದಾಗ ಅವರ ಮೇಜಿನ ಮುಂದೆ ಬೇರೊಬ್ಬರು ಕುಳಿತಿದ್ದರು. ಯಾವ ಕಾಗದದ ಆಧಾರದ ಮೇಲೆ ವಾದಿಸುವುದು? ನೇಮಕಾತಿಯ ಕಾಗದವನ್ನೇ ಅವರಿಗೆ ಕೊಟ್ಟಿರಲಿಲ್ಲ. ನಡುವಿನ ತಿಂಗಳುಗಳಲ್ಲಿ ಅವರ ತರಗತಿಯ ಅವಧಿಗಳನ್ನು ನನಗೇ ಹಂಚಿದ್ದರು, ನಾನು ತೆಗೆದುಕೊಂಡಿದ್ದೆ. ಅಂದು ಅವರು ಪಡಸಾಲೆಯಲ್ಲಿ ನನ್ನನ್ನು ಕಂಡು, “ಅಲ್ರೀ ಗುರುಗಳ, ನಾ ಕೆಲಸ ಬಿಡ್ತೀನಂತ ಯಾರಿಗೆ ಹೇಳಿದ್ದೆ?” ಎಂದು ಕೇಳಿದರು. ನಾನು ನೆಲ ನೋಡಿದೆ. ಸಂಧಿ ಸಮಾಸಗಳಿಗೆಲ್ಲ ಸೂತ್ರ ಹೇಳಬಲ್ಲವನಾಗಿದ್ದ ನನಗೆ ಆ ಪ್ರಶ್ನೆಗೆ ಉತ್ತರ ತೋಚಲಿಲ್ಲ. ತೋಚಿದ್ದರೂ ಧೈರ್ಯವಾಗುತ್ತಿರಲಿಲ್ಲ. ಬಾಣಂತಿ ರಜೆಯಲ್ಲಿದ್ದವಳನ್ನು ಆ ಕಾರಣಕ್ಕಾಗಿ ತೆಗೆದುಹಾಕಲಾಗದೆಂದು 1961ರ ಕಾಯಿದೆಯಲ್ಲಿಯೇ ಬರೆದಿತ್ತೆಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ತರುವಾಯ.

ಕಾಯಿದೆ ಎಲ್ಲವನ್ನೂ ತಾನಾಗಿ ನಡೆಸಿಕೊಡುವುದಿಲ್ಲ, ಕೇಳುವವರು ಬೇಕು. ಕನ್ನಡ ನಾಡಿನ ಒಂದು ನಿದರ್ಶನವನ್ನು ಕೊಡುತ್ತೇನೆ. ಕೊಡಗಿನ ಚೋನಿರ ಬೆಳ್ಳಿಯಪ್ಪ ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯ ನಿಯಮಗಳಲ್ಲಿ, ಹೆಂಗಸಾದವಳು ಮದುವೆಯಾಗುವ ಮುನ್ನ ಸರಕಾರದ ಲಿಖಿತ ಅನುಮತಿ ಪಡೆಯಬೇಕೆಂದೂ, ಸಂಸಾರದ ಹೊಣೆಗಳು ಕೆಲಸಕ್ಕೆ ಅಡ್ಡಿಯಾದಾವೆಂದು ಸರಕಾರಕ್ಕೆ ತೋರಿದರೆ ಆಕೆ ರಾಜೀನಾಮೆ ಕೊಡಬೇಕಾದೀತೆಂದೂ ಇತ್ತು. ಗಂಡಸರಿಗೆ ಇಂಥ ಮಾತಿರಲಿಲ್ಲ. ಗಂಡಸಿಗೆ ಸಂಸಾರವೇ ಇಲ್ಲವೇನೋ ಎಂಬಂತಿತ್ತು ಆ ನಿಯಮ! ಬಡತಿಯಲ್ಲಿ ಅನ್ಯಾಯವಾಯಿತೆಂದು ಮುತ್ತಮ್ಮನವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಆ ನಿಯಮಗಳಲ್ಲಿರುವ ತಾರತಮ್ಯವನ್ನು ಕಟುವಾಗಿ ಖಂಡಿಸಿದರು. ಅಷ್ಟರಲ್ಲಿ ಸರಕಾರವು ಅವರಿಗೆ ಬಡತಿಯನ್ನು ಕೊಟ್ಟಿತ್ತು.

ಇನ್ನೊಂದು ತೀರ್ಪು ನಮ್ಮಂಥ ಊರುಗಳಿಗೆ ಇನ್ನೂ ಹತ್ತಿರದ್ದು. ದೆಹಲಿಯ ಮಹಾನಗರಪಾಲಿಕೆಯಲ್ಲಿ ದಿನಗೂಲಿಯ ಮೇಲೆ ಮಣ್ಣು ಅಗೆಯುವ, ಹೊರುವ ಹೆಂಗಸರು ತಮಗೂ ಹೆರಿಗೆ ಸೌಲಭ್ಯ ಬೇಕೆಂದು ಕೇಳಿದರು. ಕಾಯಂ ನೌಕರರಲ್ಲವೆಂದು ಪಾಲಿಕೆ ನಿರಾಕರಿಸಿತು. 2000ದಲ್ಲಿ ಸುಪ್ರೀಂ ಕೋರ್ಟು ಆ ಹೆಂಗಸರ ಪರವಾಗಿ ತೀರ್ಪು ಕೊಟ್ಟಿತು. ಗರ್ಭಕ್ಕೆ ಕಾಯಂ, ಹಂಗಾಮಿ ಎಂಬ ಭೇದವಿಲ್ಲವಷ್ಟೆ.

ಇನ್ನು ಆಗಲೇ ಸೂಚಿಸಿದ ಹೊಸ ಗಡಿಯ ಮಾತು. ಅದು ಸಂಖ್ಯೆಯ ಗಡಿ. 1948ರ ಕಾರ್ಖಾನೆಗಳ ಕಾಯಿದೆಯಂತೆ ವಿದ್ಯುಚ್ಛಕ್ತಿಯಿಂದ ನಡೆಯುವಲ್ಲಿ 10 ಮಂದಿ, ಇಲ್ಲದಲ್ಲಿ 20 ಮಂದಿ ಕೆಲಸಗಾರರಿದ್ದರೆ ಅದು ಕಾರ್ಖಾನೆ. ನೌಕರರ ರಾಜ್ಯ ವಿಮೆಗೂ 10 ಮಂದಿ ಬೇಕು. ಅಂಗಡಿ ಮುಂಗಟ್ಟುಗಳಲ್ಲಿ ಹೆರಿಗೆ ಸೌಲಭ್ಯಕ್ಕೂ 10. ನಮ್ಮ ಓಣಿಗಳಲ್ಲಿ ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದಿದೆ. ಆದರೆ ಬಹುಪಾಲು ನಾಲ್ಕು ಮಗ್ಗ, ಆರು ಮಗ್ಗಗಳ ಷೆಡ್ಡುಗಳು. ಅಲ್ಲಿ ಮಾಲಿಕನೂ ಆತನ ಹೆಂಡತಿಯೂ ಕೂಲಿಕಾರರೊಡನೆ ದುಡಿಯುತ್ತಾರೆ. ಅವನನ್ನು ಶೋಷಕನೆಂದು ಜರಿಯುವುದು ಸುಲಭ. ನೂಲಿನ ಬೆಲೆಯೇರಿದ ವಾರ ಅವನ ಒಲೆಯೂ ಉರಿಯುವುದಿಲ್ಲವೆಂಬುದನ್ನು ಕಂಡವನಾದ್ದರಿಂದ ಆ ಮಾತನ್ನು ನಾನು ಆಡಲಾರೆ. ಆದರೂ ಅಲ್ಲಿ ಕಂಡಿಕೆ ಸುತ್ತುವವಳು ಕಾಯಿದೆಯ ಎಣಿಕೆಗೆ ಬರುವುದಿಲ್ಲ. ಒಂಬತ್ತರ ಷೆಡ್ಡಿನವಳ ಬಸಿರಿಗೂ ಹತ್ತರ ಷೆಡ್ಡಿನವಳ ಬಸಿರಿಗೂ ಏನು ಅಂತರ?

ಈಚೆಗೆ 29 ಕೇಂದ್ರ ಕಾಯಿದೆಗಳನ್ನು ಕೂಡಿಸಿ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ರಚಿಸಲಾಗಿದ್ದು, ಅವು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಸಮಾನ ವೇತನದ ವಿಧಿ 2019ರ ವೇತನ ಸಂಹಿತೆಯಲ್ಲಿಯೂ, ಹೆರಿಗೆ ಸೌಲಭ್ಯ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಸೇರಿವೆ. 26 ವಾರಗಳ ರಜೆ ಅಲ್ಲಿಯೂ ಉಳಿದಿದೆ. ವೃತ್ತಿ ಸುರಕ್ಷತೆಯ ಸಂಹಿತೆಯಲ್ಲಿ ಮಾತ್ರ ಕಾರ್ಖಾನೆಯ ಗೆರೆ 10ರಿಂದ 20ಕ್ಕೂ, 20ರಿಂದ 40ಕ್ಕೂ ಏರಿದೆ. ಸಣ್ಣ ಉದ್ಯಮಿಗೆ ಕಾಗದಪತ್ರಗಳ ಕಾಟ ತಪ್ಪಿತೆಂದು ಇದನ್ನು ಮೆಚ್ಚುವವರಿದ್ದಾರೆ. ಗೆರೆ ಮೇಲಕ್ಕೇರಿದಷ್ಟೂ ಅದರ ಕೆಳಗೆ ಉಳಿಯುವವರು ಹೆಚ್ಚುತ್ತಾರೆಂಬುದೂ ಅಷ್ಟೇ ನಿಜ. ಮನೆಯಲ್ಲಿಯೇ ಕುಳಿತು ಪರರಿಗಾಗಿ ದುಡಿಯುವವರನ್ನು ಸಾಮಾಜಿಕ ಭದ್ರತಾ ಸಂಹಿತೆ ಹೆಸರಿಸಿ ಲಕ್ಷಣ ಹೇಳಿದೆ. ಸಾವಕಾರರ ಪುಸ್ತಕದಲ್ಲಿ ಇಲ್ಲದವಳಿಗೆ ಕಾಯಿದೆಯ ಪುಸ್ತಕದಲ್ಲಿ ಹೆಸರು ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಅಂಥವರಿಗಾಗಿ ಯೋಜನೆಗಳನ್ನು ರೂಪಿಸಬೇಕೆಂದು ಅಲ್ಲಿ ಇದೆಯೇ ಹೊರತು, ಎಷ್ಟು ವಾರ, ಎಷ್ಟು ಹಣ ಎಂಬುದು ಇಲ್ಲ. ಸದ್ಯಕ್ಕೆ ಆಕೆಗೆ ದೊರೆಯುವುದು 2017ರ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿ, ಅದೂ ಮೊದಲ ಮಗುವಿಗೆ. ಎರಡನೆಯದು ಹೆಣ್ಣಾದರೆ 6,000. ಒಬ್ಬಳಿಗೆ 26 ವಾರಗಳ ಪೂರ್ಣ ಸಂಬಳ, ಇನ್ನೊಬ್ಬಳಿಗೆ ಒಂದು ಸಲದ ಈ ಮೊತ್ತ.

ಅಂಬೇಡ್ಕರರ ಪ್ರಶ್ನೆಗೆ ಈಗ ಮರಳಬಹುದು. 2017ರ ತಿದ್ದುಪಡಿ ರಜೆಯನ್ನು ಹೆಚ್ಚಿಸಿತು, ಆದರೆ ಅದರ ವೆಚ್ಚವನ್ನು ಪೂರ್ತಿಯಾಗಿ ಮಾಲಿಕನ ಮೇಲೆ ಬಿಟ್ಟಿತು. ಇದರ ಪರಿಣಾಮವನ್ನು ಊಹಿಸಲು ತರ್ಕಶಾಸ್ತ್ರ ಬೇಕಾಗಿಲ್ಲ. ಮದುವೆಯ ವಯಸ್ಸಿನ ಹುಡುಗಿಯನ್ನು ನೇಮಿಸಿಕೊಳ್ಳುವುದೇ ಬೇಡವೆಂದು ಲೆಕ್ಕ ಹಾಕುವವರು ಹುಟ್ಟುತ್ತಾರೆ. ರಕ್ಷಣೆಗೆಂದು ಹಾಕಿದ ಬೇಲಿ ಬಾಗಿಲನ್ನೇ ಮುಚ್ಚಿದಂತೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಡಂಬಡಿಕೆ ಇದನ್ನು ಮುಂಗಂಡು, ಭತ್ಯೆಯನ್ನು ವಿಮೆಯಿಂದಲೋ ಸಾರ್ವಜನಿಕ ನಿಧಿಯಿಂದಲೋ ಕೊಡಬೇಕು, ಒಬ್ಬೊಬ್ಬ ಮಾಲಿಕನ ತಲೆಗೆ ಕಟ್ಟಬಾರದು ಎನ್ನುತ್ತದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. ನಮ್ಮಲ್ಲಿಯೂ ಆ ಮಾರ್ಗ ಇಲ್ಲದಿಲ್ಲ. ನೌಕರರ ರಾಜ್ಯ ವಿಮೆಯಲ್ಲಿ ಎಲ್ಲ ಮಾಲಿಕರೂ, ಗಂಡುಹೆಣ್ಣೆನ್ನದೆ ಎಲ್ಲ ಕೆಲಸಗಾರರೂ ಸ್ವಲ್ಪ ಸ್ವಲ್ಪ ಹಾಕಿದ ಹಣದಿಂದ 26 ವಾರಗಳ ಭತ್ಯೆ ಸಲ್ಲುತ್ತದೆ. 2019ರಿಂದ ಈ ವಂತಿಗೆ ಮಾಲಿಕನದು ವೇತನದ ನೂರಕ್ಕೆ 3.25, ಕೆಲಸಗಾರನದು 0.75. ಊರ ಹಬ್ಬಕ್ಕೆ ಮನೆಗಿಷ್ಟು ಎಂದು ವಂತಿಗೆ ಎತ್ತುವುದು ನಮಗೆ ಹೊಸದೇನಲ್ಲ. ಹೆರಿಗೆಗೆ ಎತ್ತಬಾರದೇಕೆ?

‘ದುಡಿಯುವ ಕುಟುಂಬ’ ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ರಜೆಯೆಲ್ಲ ತಾಯಿಯದೇ ಆದರೆ ಮಗುವೂ ತಾಯಿಯದೊಂದೇ ಎಂದು ಬರೆದುಕೊಟ್ಟಂತಾಗುತ್ತದೆ. ಸ್ವೀಡನ್ ದೇಶವು 1974ರಲ್ಲಿಯೇ ತಾಯಿಯ ರಜೆಯನ್ನು ತಂದೆತಾಯಿಗಳಿಬ್ಬರೂ ಹಂಚಿಕೊಳ್ಳಬಹುದಾದ ರಜೆಯನ್ನಾಗಿ ಮಾರ್ಪಡಿಸಿತು. 1981ರಲ್ಲಿ ಕಾರ್ಮಿಕ ಸಂಘಟನೆಯ ಒಡಂಬಡಿಕೆಯೊಂದು ಸಂಸಾರದ ಹೊಣೆಯುಳ್ಳ ಕೆಲಸಗಾರರು ಎಂದಾಗ ಗಂಡಸರನ್ನೂ ಸೇರಿಸಿಯೇ ಹೇಳಿತು. ನಮ್ಮಲ್ಲಿ ಸರಕಾರಿ ನೌಕರನಾದ ತಂದೆಗೆ 15 ದಿನಗಳ ಪಿತೃತ್ವ ರಜೆಯುಂಟು. ಖಾಸಗಿ ಕೆಲಸದಲ್ಲಿರುವವನಿಗೆ ಕಾಯಿದೆಯಿಂದ ಬರುವುದು ಏನೂ ಇಲ್ಲ. ಕರ್ನಾಟಕ ಸರಕಾರವು ತನ್ನ ಮಹಿಳಾ ನೌಕರರಿಗೆ ಹೆರಿಗೆ ರಜೆಯಲ್ಲದೆ ಸೇವಾವಧಿಯಲ್ಲಿ ಒಟ್ಟು ಆರು ತಿಂಗಳ ಶಿಶುಪಾಲನಾ ರಜೆಯನ್ನು 2021ರಲ್ಲಿ ಕೊಟ್ಟಿತು. ಇದು ಸ್ತುತ್ಯವೇ. ಆದರೆ ಮಗುವಿಗೆ ಜ್ವರ ಬಂದರೆ ತಾಯಿಯೇ ಮನೆಯಲ್ಲಿ ಉಳಿಯತಕ್ಕದ್ದೆಂಬ ಭಾವನೆಗೆ ಇದರಿಂದಲೇ ಬಲ ಬರಬಾರದು.

ನಮ್ಮ ಶರಣರ ಕಥೆಗಳಲ್ಲಿ ಈ ವಿಷಯಕ್ಕೆ ಬೆಳಕು ಕೊಡುವ ಪ್ರಸಂಗವಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹಿಂದಕ್ಕೆ ಸುರಿದು ಬಾ ಎಂದು ಅಟ್ಟಿದವಳು ಲಕ್ಕಮ್ಮ. ಅದನ್ನು ನಾವು ಆಕೆಯ ನಿಸ್ಪೃಹತೆಗೆ ನಿದರ್ಶನವಾಗಿ ಹೇಳುತ್ತೇವೆ. ನಾನು ಇನ್ನೊಂದನ್ನೂ ಕಾಣುತ್ತೇನೆ. ಆ ಮನೆಯ ಕಾಯಕದ ಲೆಕ್ಕದಲ್ಲಿ ಆಕೆಯ ಮಾತು ನಡೆಯುತ್ತಿತ್ತು. ಕದಿರ ರೆಮ್ಮವ್ವೆಯಂತೂ ನೂಲುವುದನ್ನೇ ತನ್ನ ಕಾಯಕವೆಂದು ಹೆಸರಿನೊಡನೆ ಧರಿಸಿದವಳು. ವರ್ಷಕ್ಕೊಮ್ಮೆ ಜಯಂತಿಯ ಭಾಷಣದಲ್ಲಿ ಇವರನ್ನು ಹೊಗಳುವ ನಾವು ಕಂಡಿಕೆ ಸುತ್ತುವವಳ ಮಜೂರಿಯ ವಿಷಯದಲ್ಲಿ ಮೌನವಾಗಿರುವುದು ಶೋಭೆಯಲ್ಲ.

ನಮ್ಮ ಕೈಲಾದದ್ದೇನು? 2023ರಲ್ಲಿ ರಾಜ್ಯ ಸರಕಾರವು ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳ ಯೋಜನೆಯನ್ನು ಆರಂಭಿಸಿತು. ತೇರದಾಳ ಪುರಸಭೆಯ ಊರು, ಗ್ರಾಮ ಪಂಚಾಯತಿಯಲ್ಲ. ಅಂಗನವಾಡಿಗಳು ಉಪಕಾರಿಗಳೇ, ಆದರೆ ಷೆಡ್ಡಿನ ಪಾಳಿ ಮುಗಿಯುವ ಮೊದಲೇ ಅವುಗಳ ಬಾಗಿಲು ಮುಚ್ಚುತ್ತವೆ. ಹಲವು ಸಣ್ಣ ಸಂಸ್ಥೆಗಳು ಕೂಡಿ ಒಂದೇ ಶಿಶುಪಾಲನಾ ಕೇಂದ್ರವನ್ನು ನಡೆಸಬಹುದೆಂದು ಹೊಸ ಸಂಹಿತೆ ಒಪ್ಪುತ್ತದೆ. ಹೀಗಿರುವಾಗ ಹತ್ತು ಷೆಡ್ಡಿನವರು ಸೇರಿ, ಮಾಲಿಕರಾದ ನಮ್ಮ ಹಳೆಯ ವಿದ್ಯಾರ್ಥಿಗಳೇ ಮುಂದೆ ನಿಂತು, ಓಣಿಗೊಂದು ಕೂಸಿನ ಕೋಣೆಯನ್ನು ಏಕೆ ಮಾಡಬಾರದು? ಒಬ್ಬ ಆಯಾ, ನಾಲ್ಕು ತೊಟ್ಟಿಲು, ಕಾಯಿಸಿದ ನೀರು, ಹಾಲು ಕುಡಿಸಲು ಒಂದು ಮರೆ. ದಾನಿಗಳು ತಾಯಿತಂದೆಗಳ ಹೆಸರಿನಲ್ಲಿ ಕೊಠಡಿಗಳನ್ನು ಕಟ್ಟಿಸಿ ಕಲ್ಲು ಹಾಕಿಸುತ್ತಾರೆ, ಸಂತೋಷ. ಈ ಕಲ್ಲನ್ನು ಅಲ್ಲಿಯೂ ಹಾಕಿಸಬಹುದು. ನಮ್ಮ ಶಾಲೆಯ ಗ್ರಂಥಾಲಯದ ಪಕ್ಕದಲ್ಲಿ ಹಳೆಯ ಪ್ರಶ್ನಪತ್ರಿಕೆಗಳನ್ನು ತುಂಬಿಟ್ಟ ಸಣ್ಣ ಕೋಣೆಯೊಂದಿದೆ. ಅದನ್ನು ತೆರವು ಮಾಡಿ ಶಿಕ್ಷಕಿಯರ ಕೂಸುಗಳಿಗೆ ಕೊಡಬೇಕೆಂದು ಆಡಳಿತ ಮಂಡಳಿಯವರಲ್ಲಿ ನಾನು ಕೇಳಿಕೊಂಡಿದ್ದೇನೆ, ಈ ಪುಟದ ಮೂಲಕ ಮತ್ತೊಮ್ಮೆ ಕೇಳುತ್ತೇನೆ. ಅನುದಾನವಿಲ್ಲದ ವಿಭಾಗದ ಶಿಕ್ಷಕಿಯರಿಗೂ ಅನುದಾನಿತರಂತೆಯೇ ನೇಮಕಾತಿಯ ಪತ್ರ, ಅದರಲ್ಲಿ ರಜೆಯ ವಿವರ ಇರಬೇಕೆಂಬುದು ಎರಡನೆಯ ಕೋರಿಕೆ. ಇದಕ್ಕೆ ಹಣವೂ ಬೇಕಾಗಿಲ್ಲ, ಒಂದು ಹಾಳೆ ಸಾಕು.

ಕಳೆದ ವರ್ಷ ನಮ್ಮ ಕಿರಿಯ ಸಹೋದ್ಯೋಗಿಯೊಬ್ಬರು ಹೆರಿಗೆ ರಜೆಯ ಅರ್ಜಿಯನ್ನು ಬರೆದು, ಕಾಗುಣಿತ ನೋಡಿಕೊಡಿರೆಂದು ನನ್ನ ಬಳಿಗೆ ತಂದರು. ಕಾಗುಣಿತ ಸರಿಯಾಗಿಯೇ ಇತ್ತು. ಕೊನೆಯ ಸಾಲಿನಲ್ಲಿ ‘ದಯಾಳುಗಳಾದ ತಾವು ಕೃಪೆಮಾಡಿ ರಜೆಯನ್ನು ದಯಪಾಲಿಸಬೇಕಾಗಿ ಬೇಡಿಕೊಳ್ಳುತ್ತೇನೆ’ ಎಂದಿತ್ತು. ಕೆಂಪು ಮಸಿಯಿಂದ ಆ ಸಾಲನ್ನು ಹೊಡೆದು, ‘ನಿಯಮದಂತೆ ಸಲ್ಲತಕ್ಕ ರಜೆಯನ್ನು ಮಂಜೂರು ಮಾಡಬೇಕು’ ಎಂದು ತಿದ್ದಿ ಕೊಟ್ಟೆ. ಅವರು ಓದಿ, “ಸಾಹೇಬರು ಸಿಟ್ಟಾಗೂದಿಲ್ಲೇನ್ರೀ ಗುರುಗಳ?” ಎಂದು ಕೇಳಿದರು. ಮುಖ್ಯಾಧ್ಯಾಪಕರು ಸಿಟ್ಟಾಗಲಿಲ್ಲ. ಅಂದು ಸಂಜೆಯೇ ಸಹಿ ಹಾಕಿ ಕಳಿಸಿದರು.